ವಾಸನೆಯಿಲ್ಲದ ಧೂಪ

ಕೊರೊನಾ ಬಂದಮೇಲೆ ಲಂಡನ್ನಿನ ಆ ಚರ್ಚಿನಲ್ಲಿ ಹನ್ನೆರಡು ಗಾಯಕರ ಪೈಕಿ ನಾಲ್ವರಷ್ಟೇ ಉಳಿದಿದ್ದರು. ಹಾಡಿದ ಭಾನುವಾರಕ್ಕಷ್ಟೇ ಸಂಬಳ. ಒಬ್ಬರಿಗೆ ಸೋಂಕು ತಗುಲಿದರೂ ನಾಲ್ವರೂ ಮನೆಯಲ್ಲೇ ಕೂರಬೇಕು.

ಆ ದಿನ ಆರಾಧನೆಯ ನಡುವೆ ಆ ನಾಲ್ವರಲ್ಲೊಬ್ಬಳಾದ ರೊಸಾಲಿಂಡಳ ಎದೆ ಧಸಕ್ಕೆಂದಿತು. ಪಾದ್ರಿ ಬೀಸುತ್ತಿದ್ದ ಧೂಪದ ಹೊಗೆ ಮುಖಕ್ಕೇ ಬಡಿಯುತ್ತಿದ್ದರೂ ಅವಳ ಮೂಗಿಗೆ ವಾಸನೆಯೇ ಇಲ್ಲ. ಬಾಯಿಬಿಟ್ಟರೆ ಎಲ್ಲರ ಹೊಟ್ಟೆಯ ಮೇಲೂ ಹೊಡೆದಂತೆ.

ಆರಡಿ ದೂರದಲ್ಲಿ ಹಾಡಿನ ಹಾಳೆಯೊಳಗೆ ಮುಖ ಹುದುಗಿಸಿದ್ದ ಜೊತೆಗಾಯಕ ಗ್ವಿಲಿಮ್‌ನನ್ನು ಪಿಸುದನಿಯಲ್ಲಿ ಕೇಳಿದಳು: "ಇವತ್ತು ಧೂಪದ ಘಾಟು ಜಾಸ್ತಿ ಅಲ್ವೇನೋ?"

"ಎಲ್ಲಿ ಧೂಪ? ನಮ್ ಸಂಬಳದ ಹಾಗೆ ಅದಕ್ಕೂ ಕತ್ರಿ ಹಾಕಿದಾರೆ ಕಣೇ. ಇವತ್ತು ಹಚ್ಚೇ ಇಲ್ಲ!"

ನಗುತ್ತ ತಲೆಯೆತ್ತಿದವನ ಮುಂದೆಯೇ ಹೊಗೆ ದಟ್ಟವಾಗಿ ತೇಲುತ್ತಿತ್ತು. ಅವನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಗಾಯನದ ಮೇಷ್ಟ್ರು ಕೈಯೆತ್ತಿದರು. ಇಬ್ಬರೂ ಉಸಿರೆಳೆದುಕೊಂಡು ಹಾಡಿದರು.