ತೆಂಕಲು ಬಾಗಿಲಿನ ಮನೆ

ತಾಳಮಲೆಯ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ನರ್ಸಮ್ಮ, ನಿವೃತ್ತಿಯಾದ ಮೇಲೆ ಒಂದಿಷ್ಟು ಹೊಲ ಕೊಂಡು ನೆಲೆಯೂರಬೇಕೆಂದು ಹೊರಟರು. ಮದುವೆಯಾಗಿರಲಿಲ್ಲ, ಬದುಕೆಲ್ಲ ಕ್ವಾರ್ಟರ್ಸಿನಲ್ಲೇ ಕಳೆದಿತ್ತು. ಭಾನುವಾರ ಬಂದರೆ ನನ್ನ ಸ್ಕೂಟರಿನ ಹಿಂದೆ ಕೂತು ಊರೂರು ಸುತ್ತುವರು. ದಲ್ಲಾಳಿ ಬೋರ್‌ವೆಲ್ ತೋರಿಸುತ್ತಿದ್ದರೆ ಇವರು ಅದಕ್ಕೆ ಬೆನ್ನು ಮಾಡಿ, ಹಣೆಗೆ ಕೈ ಅಡ್ಡ ಹಿಡಿದು, ಸುತ್ತಲಿನ ಮನೆಗಳನ್ನು ನೋಡುತ್ತಿದ್ದರು. "ಮಣ್ಣ ಆಮೇಕೆ ನೋಡುದ್ರಾಯ್ತು ಕಣವ್ವ" ಎನ್ನುವರು.

ಪಣಕಹಳ್ಳಿಯಲ್ಲಿ ಕೆಮ್ಮಣ್ಣಿನ ಒಳ್ಳೆಯ ಹೊಲವೇ ಸಿಕ್ಕಿತ್ತು. ಪಕ್ಕದ ಹೊಲದವನು ನಮ್ಮಿಬ್ಬರನ್ನೂ ನೋಡಿ, "ಗಂಡಸ್ರು ಯಾರೂ ಬರ್ನಿಲ್ವಾ?" ಎಂದ. ನರ್ಸಮ್ಮ ಹೊಲದತ್ತ ತಿರುಗಿಯೂ ನೋಡದೆ ಬಂದು ಸ್ಕೂಟರ್ ಹತ್ತಿದರು.

ದೊಡ್ಡಗಾಜನೂರಿನ ಹೊಲವೋ ಬರೀ ಕಲ್ಲು. ಪಕ್ಕದಲ್ಲಿ ರಾಗಿಯ ಕಳೆ ತೆಗೆಯುತ್ತಿದ್ದ ಹೆಂಗಸು ತಲೆಯೆತ್ತಿ ಕೇಳಿದಳು: "ಒಬ್ರೇನಾ ಇರದು?"

"ಊಂ ಕಣವ್ವ, ಒಬ್ಳೇಯ."

"ಅಂಗಾರೆ ನಮ್ಮನೆ ಕಡೀಕೆ ಬಾಗ್ಲು ಮಡಿಕಳಿ. ಆನೆಗೀನೆ ಬಂದ್ರೆ ನೀವು ಕೂಗುದ್ದು ಕೇಳ್ತದೆ."

ನರ್ಸಮ್ಮ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟರು. ಆ ಕಲ್ಲುಹೊಲವನ್ನೇ ಕೊಂಡರು. ಆಕೆಯ ಮನೆಯಿದ್ದದ್ದು ತೆಂಕಲಿಗೆ; ಆ ದಿಕ್ಕಿಗೆ ಬಾಗಿಲು ಇಡಬಾರದೆಂದು ಮೇಸ್ತ್ರಿ ಎಷ್ಟು ಹೇಳಿದರೂ ಕೇಳಲಿಲ್ಲ.

ಆಮೇಲೆ ನಾನು ಹೋದಾಗಲೆಲ್ಲ ಇಬ್ಬರೂ ತಂತಮ್ಮ ಹೊಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ, ಗಟ್ಟಿದನಿಯಲ್ಲಿ ಹರಟುತ್ತಿರುತ್ತಿದ್ದರು. ನರ್ಸಮ್ಮ ಅಷ್ಟು ಜೋರಾಗಿ ನಗುವುದನ್ನು ಆಸ್ಪತ್ರೆಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಈ ವರ್ಷ ಅವರು ಆ ಮನೆಯಲ್ಲೇ ತೀರಿಕೊಂಡರು. ನಾನು ತಲುಪಿದಾಗ ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು:

"ಒತ್ತಾದ್ರೂ ಬಾಗ್ಲು ತಗೀನಿಲ್ಲ ಅಂತ ಓಡ್ಬಂದೆ. ಇನ್ನೂ ಉಸ್ರಿತ್ತು. ನನ್ ಕೈ ಇಡ್ಕಂಡೇ ಓದ್ರು ಕಣವ್ವ. ಒಬ್ರೇ ಓಗ್ನಿಲ್ಲ."