ಬಾಜೂ ಮನೆಯ ಸಾಕ್ಷಿ

ಗುರುಪಾದಪ್ಪನವರು ಮನುಷ್ಯರ ಮುಖಕ್ಕಿಂತ ಮೊದಲು ಅವರ ಕಾಲ್ಮರಿ ನೋಡುತ್ತಿದ್ದರು. ಹಾನಗಲ್ಲಿನ ತಾರಕೇಶ್ವರ ಗುಡಿಯ ಮುಂದೆ ಬಿಟ್ಟುಹೋದ ಚಪ್ಪಲಿಗಳ ಸಾಲಿನೆದುರು ಕೊಡೆ ಊರಿಕೊಂಡು ಕುಕ್ಕರಗಾಲಿನಲ್ಲಿ ಕೂತು, "ಇದು ಸವಣೂರ ಕಡೀದು, ಎರಿ ಮಣ್ಣು ನೋಡ್ರಿ. ಇದು ತಡಸದ ಕೆಂಪು ಧೂಳಿ. ಈ ಬೂಟಿನಾಂವ ಮೋಟಾರದಾಗ ಬಂದಾನ, ಹಿಮ್ಮಡಕ್ಕ ಮಣ್ಣ ಹತ್ತಿಲ್ಲ" ಎಂದು ನನ್ನ ಕೈಯಲ್ಲಿ ಬರೆಸುತ್ತಿದ್ದರು. ಒಮ್ಮೆ ದೇವರಿಗೆ ಕೈ ಮುಗಿದು ಹೊರಬಂದವರು ಇವರನ್ನು ಚಪ್ಪಲಿ ಕಳ್ಳನೆಂದು ಹಿಡಿದು ನಿಲ್ಲಿಸಿಕೊಂಡಿದ್ದರು. ಎಷ್ಟು ಹೇಳಿದರೂ ಅವರು ಬಿಡಲಿಲ್ಲ. ಚಪ್ಪಲಿ ನೋಡುವುದಕ್ಕೆ ಸರ್ಕಾರ ಪಗಾರ ಕೊಡುತ್ತದೆಂದರೆ ಯಾರು ತಾನೇ ನಂಬುತ್ತಾರೆ? ಪೂಜಾರಿ ಬಂದು ಬಿಡಿಸಬೇಕಾಯಿತು.

ಅರವತ್ತರ ದಶಕದ ಮೊದಲ ವರ್ಷಗಳು. ಗುರುಪಾದಪ್ಪನವರು ಅಂಕಿಸಂಖ್ಯೆ ಇಲಾಖೆಯವರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕು ಅವರ ಸೈಕಲ್ಲಿನ ಕೆಳಗೇ ಇದ್ದವು. ನಾನು ಹಾನಗಲ್ಲಿನ ಕನ್ನಡ ಶಾಲೆಯ ಮಾಸ್ತರ. ಬೇಸಿಗೆ ಸೂಟಿಯಲ್ಲಿ ನನ್ನನ್ನು ಅವರ ಜೊತೆಗೆ ಹಾಕಿದ್ದರು. ಜನ ಊರೂರು ತಿರುಗಿ ನೋಡುವುದರಿಂದ ದೇಶದ ಆದಾಯಕ್ಕೆ ಎಷ್ಟು ಸೇರುತ್ತದೆ ಎಂದು ಮೇಲಿನವರಿಗೆ ತಿಳಿಯಬೇಕಾಗಿತ್ತು. ಅದಕ್ಕೊಂದು ನಮೂನೆ ಅಚ್ಚಾಗಿ ಬಂದಿತ್ತು. ಪರಊರಿನವರು ಲಾಡ್ಜಿನಲ್ಲಿ ಎಷ್ಟು ದಿನ ವಸ್ತಿ ಮಾಡಿದರು, ಹೋಟೆಲಿನಲ್ಲಿ ಏನು ಉಂಡರು, ಇವಿಷ್ಟೇ ಅದರ ಕಾಲಮ್ಮುಗಳು.

ಹಾನಗಲ್ಲಿನಲ್ಲಿ ಲಾಡ್ಜೇ ಇರಲಿಲ್ಲ. ಗುಡಿ ನೋಡಲು ಬಂದವರು ಅಣ್ಣನ ಮನೆಯಲ್ಲೋ, ಬೀಗರ ಮನೆಯಲ್ಲೋ, ಬೀಗರ ಪರಿಚಯದವರ ಮನೆಯಲ್ಲೋ ಇಳಿದುಕೊಳ್ಳುತ್ತಿದ್ದರು. ಹಾಗಾಗಿ ಹಿಂದಿನ ವರ್ಷದ ವರದಿಯಲ್ಲಿ ನಮ್ಮೂರಿನ ಮುಂದೆ ದುಂಡಗೆ ಒಂದು ಸೊನ್ನೆ ಇತ್ತು. ಆ ಸೊನ್ನೆ ಬರೀ ಕಾಗದದ ಮೇಲಿದ್ದರೆ ನಾವು ನಕ್ಕು ಬಿಡುತ್ತಿದ್ದೆವು. ಬಂದುಹೋಗುವವರಿಗಾಗಿ ಒಂದು ನಳ, ಹೆಣ್ಣುಮಕ್ಕಳಿಗೆ ಪಾಯಖಾನೆ, ತಂಗಲು ಎರಡು ಖೋಲಿ ಯಾವ ಊರಿಗೆ ಕೊಡಬೇಕೆಂದು ಇದೇ ಅಂಕಿ ನೋಡಿ ನಿರ್ಧರಿಸುವವರಿದ್ದರು. ಗುಡಿಗೆ ಬಂದ ಹೆಂಗಸರು ಮುಂಜಾನೆಯಿಂದ ಸಂಜೆಯವರೆಗೆ ಪಡುತ್ತಿದ್ದ ಪಾಡನ್ನು ನಾವು ದಿನಾ ನೋಡುತ್ತಿದ್ದೆವು.

"ಇಷ್ಟೊಂದ ಕಾಲ್ಮರಿ ಬಂದು ಹೋದ ಊರು ಸೊನ್ನಿ ಹ್ಯಾಂಗ ಆಕ್ಕೈತ್ರಿ?" ಎಂದು ಗುರುಪಾದಪ್ಪನವರು ರೂಲುದೊಣ್ಣೆ ಇಟ್ಟು ಗೆರೆ ಎಳೆದು ಮೂರನೆಯ ಕಾಲಮ್ಮು ಹಾಕಿದರು: 'ಬಂಧುಗಳ ಮನೆ'.

"ಮನೆಯಲ್ಲಿ ಉಂಡದ್ದು ಆದಾಯ ಹೇಗಾಗುತ್ತದೆ?" ನಾನು ಶಾಲೆಯ ಕನ್ನಡದಲ್ಲಿ ಕೇಳಿದೆ.

"ಅದ ಜ್ವಾಳ ಶಿಗ್ಗಾಂವಿ ಪ್ಯಾಟಿಗೆ ಹೋಗಿದ್ರ ಸರ್ಕಾರದ ಲೆಕ್ಕಕ್ಕ ಬರ್ತಿತ್ತು. ಬೀಗರ ಹೊಟ್ಟಿಗೆ ಹೋದ್ರ ಯಾಕ ಬರಬಾರ್ದು? ರೊಟ್ಟಿ ಬಡದಾಕಿ ಕೈ ಏನ್ ಪುಕ್ಕಟ್ಟೆ ಬಂದಾವೇನ್ರಿ?"

ಕಾಲಮ್ಮು ಹಾಕುವುದು ಸುಲಭ, ತುಂಬುವುದು ಕಠಿಣ. ಮೊದಲ ದಿನ ಚೆನ್ನವ್ವ ಎಂಬಾಕೆಯ ಮನೆಗೆ ಹೋಗಿ, ಬಂದ ನೆಂಟರಿಗೆ ಎಷ್ಟು ಖರ್ಚಾಯಿತು ಎಂದು ಕೇಳಿದೆ. ಆಕೆ ಮೊರ ಕೆಳಗಿಟ್ಟು ಎದ್ದು ನಿಂತಳು. "ಉಂಡವ್ರ ತುತ್ತು ಎಣಿಸಾಕ ಬಂದೀರೇನು? ನಮ್ಮನ್ಯಾಗ ಅಂಥಾ ಪದ್ಧತಿ ಇಲ್ಲ. ಹೊಳ್ಳಿ ಹೋಗ್ರಿ!"

ಗುರುಪಾದಪ್ಪನವರು ನನ್ನನ್ನು ಅಂಗಳ ದಾಟಿಸಿದರು. ಆಮೇಲೆ, "ತಪ್ಪು ನಮ್ದ, ಮಾಸ್ತರ. ಖರ್ಚು ಕೇಳಬಾರ್ದು. ಏನೇನ್ ಮಾಡಿ ನೀಡಿದ್ರಿ ಅಂತ ಕೇಳಬೇಕು" ಅಂದರು.

ಹಾಗೆ ಕೇಳಿದ್ದೇ ತಡ, ಬಾಗಿಲುಗಳು ತೆರೆದವು. ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ, ಕಟ್ಟಿನ ಸಾರು, ಹಪ್ಪಳ. ಎಲ್ಲರ ಮನೆಯಲ್ಲೂ ಹೋಳಿಗೆ! ನನಗಂತೂ ಖುಷಿಯೋ ಖುಷಿ. ಎಂಟು ದಿನ ಬರೆಸಿಕೊಂಡು ಒಂಬತ್ತನೆಯ ದಿನ ಅವರು ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿದರು.

"ಹಾನಗಲ್ಲ ತಾಲೂಕಿನಾಗ ಇಷ್ಟ ಬೆಲ್ಲ ಎಲ್ಲೈತ್ರಿ, ಮಾಸ್ತರ?"

"ಹಾಗಾದರೆ ಎಲ್ಲರೂ ಸುಳ್ಳು ಹೇಳಿದರೇ?"

"ಸುಳ್ಳಲ್ಲ ಅದು. ಮಾಡಬೇಕಂತ ಮನಸಿನಾಗ ಇದ್ದದ್ದು. ಆದ್ರ ಮನಸಿಗೆ ನಮ್ಮ ಕಡೆ ಕಾಲಮ್ ಇಲ್ಲ. ನಾಳಿಂದ ಬಾಜೂ ಮನಿಯವ್ರನ್ನ ಕೇಳೂಣು."

ಅಂಥ ಸಾಕ್ಷಿ ಜಗತ್ತಿನಲ್ಲಿ ಇನ್ನೊಂದಿಲ್ಲ. ಯಾರ ಮನೆಗೆ ಯಾರು ಬಂದರು, ಎಷ್ಟು ಜನ, ಗಿರಣಿಗೆ ಎಷ್ಟು ಜೋಳ ಹೋಯಿತು, ಒಗ್ಗರಣೆ ಯಾತರದು, ಎಲ್ಲವೂ ಗೋಡೆಯಾಚೆಯವರಿಗೆ ಗೊತ್ತಿತ್ತು. ನಾವು ಕೇಳುವುದನ್ನೇ ಕಾಯುತ್ತಿದ್ದರೇನೋ ಅನ್ನುವಂತೆ ಹೇಳಿದರು. ನಮ್ಮ ಪುಸ್ತಕದಲ್ಲಿ ಹೋಳಿಗೆಗಳು ಒಂದೊಂದಾಗಿ ಗೆರೆ ಎಳೆಸಿಕೊಂಡು ರೊಟ್ಟಿಯಾದವು. ಯಾರ ಮನೆಯಲ್ಲೂ ಗುರುಪಾದಪ್ಪನವರು ಚಹಾ ಮುಟ್ಟುತ್ತಿರಲಿಲ್ಲ. "ನಾನೂ ಪರಊರಾಂವ. ಕುಡದ್ರ ನನ್ನೂ ಬರೀಬೇಕಾಕ್ಕೈತಿ" ಎಂದು ನಗುತ್ತ ತಮ್ಮ ಬುತ್ತಿಯನ್ನು ಕೆರೆ ದಂಡೆಯಲ್ಲಿ ಬಿಚ್ಚುತ್ತಿದ್ದರು.

ಊರಿನ ಪಂಚಾಯತಿ ಅಧ್ಯಕ್ಷರಿಗೆ ಇದು ಸರಿಬರಲಿಲ್ಲ. "ಹೋಳಿಗಿನ ಇರ್ಲಿ ಬಿಡ್ರಿ. ಅಂಕಿ ಇಳದ್ರ ನಳ ಬ್ಯಾರೆ ಊರಿಗೆ ಹೊಕ್ಕೈತಿ" ಎಂದರು. ಸಿಟ್ಟಿನ ಮಾತಲ್ಲ, ಊರಿನ ಮೇಲಿನ ಅಕ್ಕರೆಯ ಮಾತು. ಒಳಗೊಳಗೆ ನಾನೂ ಅವರ ಕಡೆಗೇ ಇದ್ದೆ.

"ಒಂದ ಹೋಳಿಗಿ ಸುಳ್ಳು ಅಂತ ಗೊತ್ತಾದ್ರ, ಅಧ್ಯಕ್ಷರ, ಅವರು ರೊಟ್ಟೀನೂ ನಂಬಂಗಿಲ್ಲ" ಎಂದು ಗುರುಪಾದಪ್ಪನವರು ಇಳಿದ ಅಂಕಿಯನ್ನೇ ಕಳಿಸಿದರು.

ಧಾರವಾಡದ ಜಿಲ್ಲಾ ಕಚೇರಿಯಿಂದ ವರದಿ ಎರಡು ಸಲ ಕೆಂಪು ಶಾಯಿಯಲ್ಲಿ ವಾಪಸು ಬಂತು: ನಮೂನೆಯಲ್ಲಿ ಇಲ್ಲದ ಕಾಲಮ್ಮು ಹಾಕಬಾರದು. ಎರಡೂ ಸಲ ಮತ್ತೆ ಗೆರೆ ಎಳೆದು ಕಳಿಸಿದರು. ಕೊನೆಗೆ ಮೇಲಿನ ಸಾಹೇಬರೇ ಜೀಪು ಹತ್ತಿಕೊಂಡು ಬಂದರು. "ಮನಿಯಾಗ ಉಂಡದ್ದನ್ನ ನಾನು ಹ್ಯಾಂಗ ನಂಬಲಿ?" ಎಂದು ಕೇಳಿ, ಪುಸ್ತಕದ ನಡುವೆ ಕಣ್ಣು ಮುಚ್ಚಿ ಬೆರಳಿಟ್ಟರು. ಬೆರಳು ಚೆನ್ನವ್ವನ ಮನೆಯ ಮೇಲೇ ಬಿದ್ದಿತು. ನಮ್ಮನ್ನು ಹೊರಗೆ ಕಳಿಸಿದ್ದಾಕೆ; ಅಲ್ಲಿನ ಲೆಕ್ಕವೆಲ್ಲ ಬಾಜೂ ಮನೆಯಿಂದ ಬಂದದ್ದು.

ಸಾಹೇಬರು ಪುಸ್ತಕ ಹಿಡಿದುಕೊಂಡು ಚೆನ್ನವ್ವನ ಬಾಜೂ ಮನೆಯ ಫಕೀರವ್ವನನ್ನು ತಾವೇ ಕೇಳಿದರು: ನೆಂಟರು ಬಂದಿದ್ದರಂತೆ, ನಾಲ್ಕು ರಾತ್ರಿ ಇದ್ದರಂತೆ, ಹೋಳಿಗೆ ಉಂಡರಂತೆ, ಹೌದೇ?

"ಹೋಳಿಗಿ? ಎಲ್ಲೀದ್ರಿ! ರೊಟ್ಟಿ, ಝುಣಕಾ. ನಾಕ ರಾತ್ರಿ ಯಾರ್ ಹೇಳಿದ್ರು? ಎರಡ ರಾತ್ರಿ. ಅವ್ರ ಕೂಸು ಅತ್ತದ್ದಕ್ಕ ನಾನು ನಿದ್ದಿಗೆಟ್ಟದ್ದು ಎರಡ ರಾತ್ರಿ."

ಪುಸ್ತಕದಲ್ಲಿ ಬರೆದದ್ದೂ ಅದೇ: ರೊಟ್ಟಿ, ಝುಣಕ, ಎರಡು ರಾತ್ರಿ. ಪರೀಕ್ಷೆಗೆಂದು ಬೇಕೆಂದೇ ತಪ್ಪು ಕೇಳಿದ್ದ ಸಾಹೇಬರು ಜೀಪಿನ ಹತ್ತಿರ ಬರುವವರೆಗೂ ನಗುತ್ತಲೇ ಇದ್ದರು. ಕಾಲಮ್ಮು ಕೊಡಲು ನನಗೆ ಅಧಿಕಾರವಿಲ್ಲ, ಷರಾ ಬರೆಯುವ ಜಾಗದಲ್ಲಿ ಇದೆಲ್ಲ ಬರೆಯಿರಿ, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಎಂದರು. ಮರುವರ್ಷ ಗುಡಿಯ ಹತ್ತಿರ ನಳ ಬಂತು. ಪಾಯಖಾನೆಯೂ ಆಯಿತು, ಖೋಲಿ ಮಾತ್ರ ಒಂದೇ. ನಳದ ಕೆಳಗೆ ಮೊದಲು ಕಾಲು ತೊಳೆದ ಮುದುಕಿಯ ಚಪ್ಪಲಿ ನೋಡಿ ಗುರುಪಾದಪ್ಪನವರು, "ಸವಣೂರ ಮಣ್ಣು" ಅಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

ಅವರ ಬೆನ್ನು ಹತ್ತಿಯೇ ನಾನು ಮಾಸ್ತರಿಕೆ ಬಿಟ್ಟು ಅದೇ ಇಲಾಖೆ ಸೇರಿದೆ. ಅವರು ನಿವೃತ್ತರಾಗಿ ಹಂಸಭಾವಿಯಲ್ಲಿ ಇದ್ದಾಗ ಹೊಸ ನಮೂನೆ ಬಂತು. ಅದನ್ನು ಹಿಡಿದುಕೊಂಡು ಹೇಳದೆ ಕೇಳದೆ ಅವರ ಮನೆಗೆ ಹೋದೆ. ಮೂರನೆಯ ಕಾಲಮ್ಮಿನ ಮೇಲೆ 'ಬಂಧು-ಮಿತ್ರರ ಮನೆಯಲ್ಲಿ ತಂಗಿದವರು' ಎಂದಿತ್ತು. ಅವರು ಅದರ ಮೇಲೆ ಹೆಬ್ಬೆರಳು ಆಡಿಸಿ, "ಅಚ್ಚಿನಾಗ ಬಂದೈತಿ" ಎಂದು ಎರಡು ಸಲ ಅಂದರು.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಲೆ ಉಂಡೆವು. ಕೈ ತೊಳೆದವರೇ, "ಬರೀರಿ. ನೀವು ಪರಊರವ್ರು, ಇವತ್ತಿನ ವಸ್ತಿ ನಮ್ಮನ್ಯಾಗ. ಮೊದಲ್ನೇ ಹೆಸರು ನಿಮ್ದ ಇರ್ಲಿ" ಅಂದರು. ನಾನು ಪೆನ್ನು ತೆಗೆದೆ. 'ರೊಟ್ಟಿ' ಎಂದು ಬರೆಯುವಷ್ಟರಲ್ಲಿ ಅವರ ಹೆಂಡತಿ ನೀಲವ್ವ ಅಡುಗೆಮನೆಯಿಂದಲೇ ಕೂಗಿದರು. "ಹೋಳಿಗಿ ಅಂತ ಬರಕೊಳ್ರಿ, ಮಾಸ್ತರ! ಬರೋದು ಮೊದ್ಲ ತಿಳಿಸಿದ್ರ ಮಾಡೇ ಮಾಡ್ತಿದ್ದೆ!"

ನಾನು ಗುರುಪಾದಪ್ಪನವರ ಮುಖ ನೋಡಿದೆ. ನಾಲ್ಕು ತಾಲೂಕಿನ ಹೋಳಿಗೆ ಹೊಡೆದುಹಾಕಿದ ಮನುಷ್ಯ. ಅವರು ನಿಧಾನವಾಗಿ ಎದ್ದು ಮೋಟುಗೋಡೆಯ ಆಚೆ ಒಮ್ಮೆ ಇಣುಕಿ, ಬಂದು ಕೂತರು.

"ಬರೀರಿ" ಎಂದು ಮೆಲ್ಲಗೆ ಹೇಳಿದರು. "ಬಾಜೂ ಮನಿಯವ್ರು ಹಿರೇಕೆರೂರಿಗೆ ಹೋಗ್ಯಾರ. ಸಂಜಿತನಕ ಬರಂಗಿಲ್ಲ."

ಹೋಳಿಗೆ ಎಂದು ಬರೆದೆ. ತುಪ್ಪವನ್ನು ನಾನೇ ಸೇರಿಸಿದೆ. ಮರುವರ್ಷ ಅವರು ತೀರಿಕೊಂಡರು. ಆ ಹಾಳೆಯನ್ನು ನಾನು ಧಾರವಾಡಕ್ಕೆ ಕಳಿಸಲಿಲ್ಲ. ನನ್ನ ಹತ್ತಿರವೇ ಇದೆ.