ಇಂಡಿಯಾ ಸ್ಟೀಲ್ ಎಂದು ಬರೆದ ಕತ್ತಿ

ನಮ್ಮ ಮಾವನವರ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಕೂದಲೆಳೆಯಂಥ ಗೀರುಗಳಿದ್ದವು. ಹಳೆಯ ಕ್ಷೌರದ ಕತ್ತಿ ಕೈಗೆ ಸಿಕ್ಕರೆ ಸಾಕು, ಉಗುರನ್ನು ಒದ್ದೆ ಮಾಡಿಕೊಂಡು ಅಲಗನ್ನು ಅದರ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಎಲ್ಲಾದರೂ ತಡೆದರೆ ಅಲಗು ಮುಕ್ಕಾಗಿದೆ ಎಂದರ್ಥ. ಆಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಅದೇ ಉಗುರಿನಿಂದ ಮೀಟುತ್ತಿದ್ದರು. ಟಿಣ್ ಎಂದರೆ ಮುಖ ಅರಳುತ್ತಿತ್ತು.

ಅವರು ಬೀದರ್ ಕಡೆಯ ಕಮ್ಮಾರರ ಮನೆಯವರು. ಬಾಲಾನಗರದ ಒಂದು ಶೆಡ್ಡಿನಲ್ಲಿ ಉಕ್ಕಿಗೆ ಹದ ಕೊಡುವ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾನು ಲಿಂಗಂಪಲ್ಲಿಯ ಅವರ ಮನೆಗೆ ಸೊಸೆಯಾಗಿ ಬಂದಾಗ ಸುತ್ತಲೂ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಹಳೆಯ ಬಂಗಲೆಗಳು ಬೀಳುತ್ತಿದ್ದವು. ಬಿದ್ದ ಮನೆಗಳ ಕಪಾಟಿನಲ್ಲಿದ್ದುದೆಲ್ಲ ಎರ್ರಗಡ್ಡದ ಭಾನುವಾರದ ಸಂತೆಗೆ ಬರುತ್ತಿತ್ತು. ಮಾವನವರು ಲೋಕಲ್ ರೈಲಿನಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದರು. ಹಳೆಯ ಕತ್ತಿಗಳ ಅಲಗಿನ ಮೇಲೆ, ತುಕ್ಕಿನ ಕೆಳಗಿದ್ದ ಸಣ್ಣ ಇಂಗ್ಲಿಷ್ ಅಕ್ಷರ ಓದುವುದು ನನ್ನ ಕೆಲಸ.

"ಏನಂತ ಬರದಾರ ಯವ್ವಾ?"

"ಸಿಲ್ವರ್ ಸ್ಟೀಲ್ ಅಂತರಿ ಮಾವಾರ."

"ಬೆಳ್ಳಿ! ಅಕ್ಕಸಾಲಿಗನ ಮುಂದ ಇಟ್ಟರ ಹೊಟ್ಟಿ ಹಿಡ್ಕೊಂಡು ನಗ್ತಾನ. ಹೊಳಪಿಗೆ ಇಟ್ಟ ಹೆಸರದು. ಇನ್ನೊಂದು?"

"ಮ್ಯಾಗ್ನೆಟಿಕ್."

"ಬಿಡು, ನಮ್ಮನಿ ಈಳಿಗಿನೂ ಅಯಸ್ಕಾಂತಕ್ಕ ಅಂಟ್ತೈತಿ."

ಮರಳುವಾಗ ಸ್ಟೇಷನ್ನಿನ ಎದುರು 'ಹೈಟೆಕ್ ಟಿಫಿನ್ಸ್' ಎಂಬ ಹೊಸ ಬೋರ್ಡು ಕಂಡಿತು. "ನೋಡು, ಇವನೂ ಕತ್ತಿ ಮಾರವರ ಶಿಷ್ಯಾನ. ಹೆಸರು ಹೊಸಾದು, ಇಡ್ಲಿ ನಿನ್ನಿದು!" ಎಂದು ರಸ್ತೆಯಲ್ಲೇ ನಿಂತು ನಕ್ಕರು.

ಒಂದೇ ಒಂದು ಹೆಸರನ್ನು ಅವರು ಹಾಸ್ಯ ಮಾಡುತ್ತಿರಲಿಲ್ಲ. ನಮ್ಮ ಸೀಮೆಯ ಕುಲುಮೆಗಳ ಉಕ್ಕು ಹಿಂದೆ ಹಡಗು ಹತ್ತಿ ಹೋಗಿ, ವಿಲಾಯಿತಿಯಲ್ಲಿ ಕ್ಷೌರದ ಕತ್ತಿಯಾಗಿ, 'ಇಂಡಿಯಾ ಸ್ಟೀಲ್' ಎಂಬ ಮುದ್ರೆ ಹೊತ್ತು ಮಾರಾಟವಾಗುತ್ತಿತ್ತಂತೆ. "ನಮ್ಮ ಹಿರ್‍ಯಾರು ಕಾಸಿದ ಉಕ್ಕು. ಸಾಯೂದ್ರಾಗ ಒಮ್ಮೆ ನನ್ನ ಗಲ್ಲದ ಮ್ಯಾಲ ಆಡಬೇಕು" ಎನ್ನುತ್ತಿದ್ದರು.

ಅಷ್ಟರಲ್ಲಿ ಅವರ ಕೈ ನಡುಗತೊಡಗಿತು. ಚಹಾ ಚೆಲ್ಲಿತು, ಕ್ಷೌರ ನಿಂತಿತು. ಸಲೂನಿಗೆ ಹೋಗಲು ಒಪ್ಪಲಿಲ್ಲ. ಮುಖದ ಮೇಲೆ ಪರರ ಕೈ ಅವರಿಗೆ ಆಗುತ್ತಿರಲಿಲ್ಲ. ಗಡ್ಡ ಬೆಳೆಯಿತು. ಸಂತೆ ಮಾತ್ರ ನಿಲ್ಲಲಿಲ್ಲ.

ಒಂದು ಭಾನುವಾರ, ಬೀಗದ ಕೈಗಳ ರಾಶಿಯ ಕೆಳಗಿದ್ದ ಕತ್ತಿಯೊಂದನ್ನು ಸೆರಗಿನಿಂದ ಉಜ್ಜಿದೆ. ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ನಾನು ಕೂಗಿದ ರಭಸಕ್ಕೆ ಅಂಗಡಿಯವನು ನನ್ನ ಬೆರಳೇ ಕೊಯ್ದಿತೆಂದು ಬೆಚ್ಚಿ, "ಕ್ಯಾ ಹುವಾ ಅಮ್ಮಾ, ಉಂಗ್ಲಿ ಕಟ್ ಗಯೀ?" ಎಂದ. ಮಾವನವರು ಎರಡೂ ಕೈಯಲ್ಲಿ ಅದನ್ನು ಹಿಡಿದರು. "ಇನ್ನೊಮ್ಮೆ ಓದು." ಓದಿದೆ. "ಇನ್ನೊಮ್ಮೆ ಓದು ಯವ್ವಾ." ರೈಲಿನಲ್ಲಿ ಇಬ್ಬರಿಗೂ ಕುಳಿತುಕೊಳ್ಳಲಾಗಲಿಲ್ಲ. ಸೀಟು ಖಾಲಿಯಿದ್ದರೂ ಬಾಗಿಲ ಬಳಿ ನಿಂತೇ ಬಂದೆವು.

ಮನೆಯಲ್ಲಿ ನನ್ನ ಗಂಡ, "ಅಪ್ಪಾ, ಶೆಡ್ಡಿಗೆ ಒಯ್ದು ಸಾಣೆ ಚಕ್ರಕ್ಕ ಹಿಡೀರಿ. ಕಿಡಿ ನೋಡಿ ಉಕ್ಕಿನ ಜಾತಿ ಹೇಳವರು ನೀವ ಅಲ್ಲ?" ಎಂದರು.

ಉಳಿದೆಲ್ಲ ಹೆಸರುಗಳಿಗೂ ನಕ್ಕವರು ಕತ್ತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಚಕ್ರ ಒಂದು ತುತ್ತು ತಿಂತೈತಿ. ಎಲ್ಲಾರನೂ ಪರೀಕ್ಷಾ ಮಾಡೀನಿ. ಇವನ್ನ ಮಾಡಂಗಿಲ್ಲ."

ಮಸೆಗಲ್ಲಿನ ಮೇಲೆ ಅಲಗು ಹದ ಮಾಡಲು ನನಗೇ ಕಲಿಸಿದರು. "ಒತ್ತಬ್ಯಾಡ, ಜಾರಸು. ಕಲ್ಲ ಹೇಳತೈತಿ, ಕೇಳು." ಕೊನೆಗೆ ಚರ್ಮದ ಪಟ್ಟಿಯ ಮೇಲೆ ಎಳೆದು ಅವರ ಕೈಗೆ ಕೊಟ್ಟೆ. ಗಲ್ಲದವರೆಗೆ ಒಯ್ದರು. ಕೈ ನಡುಗಿತು. ಕತ್ತಿ ಕೆಳಗಿಟ್ಟು ಗೋಡೆ ನೋಡಿದರು.

"ನಾ ಮಾಡ್ತೀನ್ರಿ ಮಾವಾರ" ಎಂದುಬಿಟ್ಟೆ.

ಅಡುಗೆಮನೆಯಿಂದ ಅತ್ತೆಯವರ ದನಿ ಬಂತು. "ಸೊಸಿ ಕೈಲೆ ಗಡ್ಡ ಹೆರಸ್ಕೊಳ್ಳೂದು ಯಾವೂರ ಪದ್ಧತಿ? ನಾಳೆ ಓಣಿಯವ್ರು ಸಲೂನ್ ಬೋರ್ಡ್ ಹಾಕ್ರಿ ಅಂತಾರ!"

"ಹಾಕು. ಹೈಟೆಕ್ ಅಂತ ಬರಿ" ಎಂದು ಮಾವನವರು ಮುಖ ಮೇಲೆತ್ತಿ ಕಣ್ಣು ಮುಚ್ಚಿದರು.

ಗಲ್ಲಕ್ಕೆ ಸೋಪು ಹಚ್ಚಿ ಮೊದಲ ಸಲ ಎಳೆದೆ. ಅಲಗು ನೊರೆಯನ್ನು ಸರಸರ ಎತ್ತಿಕೊಂಡು ಹೋಯಿತು. ಒಂದು ಹನಿ ರಕ್ತ ಬರಲಿಲ್ಲ. ಮುಗಿದ ಮೇಲೆ ಅವರು ಎರಡೂ ಅಂಗೈಯಿಂದ ಗಲ್ಲ ಸವರಿಕೊಂಡರು.

"ಹೆಂಗೈತ್ರಿ?"

"ಹೆಸರು ಸುಳ್ಳಿದ್ರೂ ಇನ್ನ ಅಡ್ಡಿಯಿಲ್ಲ ಯವ್ವಾ."

ಅಂದಿನಿಂದ ದಿನ ಬಿಟ್ಟು ದಿನ ಆ ಕೆಲಸ ನನ್ನದಾಯಿತು. ಅತ್ತೆಯವರು ಗೊಣಗುತ್ತಲೇ ಬಿಸಿನೀರು ತಂದಿಟ್ಟು ಬೆನ್ನು ತಿರುಗಿಸುತ್ತಿದ್ದರು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಮಾವನವರು ಏಳಲಿಲ್ಲ. ಸ್ನಾನ ಮಾಡಿಸುವ ಮೊದಲು ಕ್ಷೌರ ಆಗಲೆಂದು ನನ್ನ ಗಂಡ ಸಲೂನಿನವನನ್ನು ಕರೆಯಲು ಹೊರಟರು. ಅತ್ತೆಯವರು ತಡೆದರು. ಕತ್ತಿಯನ್ನು ತಾವೇ ತಂದು ನನ್ನ ಕೈಯಲ್ಲಿಟ್ಟರು.

"ಬ್ಯಾರೆಯವ್ರ ಕೈ ಅವರಿಗೆ ಸೇರಂಗಿಲ್ಲ. ನೀನ ಮಾಡು."

ಇದ್ದಾಗ ಅವರು ಗಲ್ಲ ಉಬ್ಬಿಸಿ ಕೊಡುತ್ತಿದ್ದರು. ಆ ದಿನ ಅತ್ತೆಯವರು ಪಕ್ಕದಲ್ಲಿ ಕುಳಿತು, ಎರಡು ಬೆರಳಿನಿಂದ ಚರ್ಮವನ್ನು ಎಳೆದು ಹಿಡಿದರು. ನಾನು ಕತ್ತಿ ಆಡಿಸಿದೆ.